ಕಾರಣ ಬರೆಯದ ಅರ್ಜಿ

ಸುಲ್ತಾನಸಾಬರು ಹೋದ ತಿಂಗಳು ಹನ್ನೊಂದನೇ ತಾರೀಖು, ಮಂಗಳವಾರ ಬೆಳಿಗ್ಗೆ ತೀರಿಕೊಂಡರು. ಶಹಾಪುರದ ತಮ್ಮ ಮನೆಯಲ್ಲಿ, ಹೃದಯ ನಿಂತು. ಅರವತ್ತೆಂಟು ವಯಸ್ಸಾಗಿತ್ತು. ಅದೇ ದಿನ ಸಂಜೆಯೊಳಗೆ ಮಣ್ಣು ಕೊಟ್ಟೆವು.

ಪತ್ರಿಕೆಗೆ ಸುದ್ದಿ ಬರೆದುಕೊಟ್ಟವನು ನಾನೇ. 'ಹಿರಿಯ ಅರ್ಜಿ ಬರಹಗಾರ ನಿಧನ' ಎಂದು ನಾಲ್ಕು ಸಾಲು ಬಂತು. ನಾನು ಅವರಿಗೆ ಮಾಡಿದ್ದು ಆ ನಾಲ್ಕು ಸಾಲಿನಲ್ಲಿ ಇರಲಿಲ್ಲ, ಏಕೆಂದರೆ ನಾನು ಬರೆದಿರಲಿಲ್ಲ. ಇಲ್ಲಿ ಬರೆಯುತ್ತೇನೆ. ಎರಡು ವರ್ಷದ ಹಿಂದೆ ನಾನು ಅವರ ಕಣ್ಣು, ಮೂತ್ರಪಿಂಡ, ಯಕೃತ್ತು, ಹೃದಯ ಎಲ್ಲವನ್ನೂ ಅವರಿಗೇ ತಿಳಿಯದಂತೆ ಅವರ ಕೈಯಿಂದ ದಾನಕ್ಕೆ ಬರೆಸಿಬಿಟ್ಟಿದ್ದೆ. ಅದನ್ನು ವಾಪಸು ತೆಗೆದುಕೊಳ್ಳಲು ಅವರು ನನ್ನನ್ನೇ ಕರೆದುಕೊಂಡು ಮೂರು ಊರು ತಿರುಗಿದರು.

ಅವರು ಹುಟ್ಟಿದ್ದು ಸುರಪುರದ ಹತ್ತಿರದ ಬೋನಾಳದಲ್ಲಿ. ಮೆಟ್ರಿಕ್‌ನಲ್ಲಿ ಎರಡು ಸಲ ಫೇಲಾದರು, ಎರಡೂ ಸಲ ಗಣಿತದಲ್ಲಿ. ಅಕ್ಷರ ಮಾತ್ರ ದುಂಡಗಿತ್ತು. ಆ ಅಕ್ಷರವನ್ನೇ ನಂಬಿ ಶಹಾಪುರಕ್ಕೆ ಬಂದು, ತಹಶೀಲ ಕಚೇರಿಯ ಎದುರು ಬೇವಿನ ಮರದ ಕೆಳಗೆ ಒಂದು ಮೇಜು, ಒಂದು ಬೆಂಚು ಹಾಕಿಕೊಂಡು ನಲವತ್ತೊಂದು ವರ್ಷ ಕೂತರು. ಪಹಣಿ ತಿದ್ದುಪಡಿ, ವಿಧವಾ ವೇತನ, ರೇಷನ್ ಕಾರ್ಡಿನಲ್ಲಿ ಬಿಟ್ಟುಹೋದ ಹೆಸರು, ಕಳೆದುಹೋದ ಮಾರ್ಕ್ಸ್ ಕಾರ್ಡು. ಊರಿನ ಅರ್ಧ ಜನರ ಕಷ್ಟ ಅವರ ಅಕ್ಷರದಲ್ಲಿ ಸರ್ಕಾರಕ್ಕೆ ಹೋಗಿದೆ. ಮೊದಲು ಕೈಯಲ್ಲಿ ಬರೆಯುತ್ತಿದ್ದರು, ಆಮೇಲೆ ಟೈಪ್ ಮಷಿನ್ ತಂದರು, ಕಂಪ್ಯೂಟರ್ ಅಂಗಡಿಗಳು ಬಂದ ಮೇಲೆ ಮತ್ತೆ ಕೈಬರಹಕ್ಕೆ ಮರಳಿದರು.

ಬರೆದ ಅರ್ಜಿಯನ್ನು ಜೋರಾಗಿ ಓದಿ ಕೇಳಿಸದೆ ಯಾರಿಂದಲೂ ಸಹಿ ಮಾಡಿಸುತ್ತಿರಲಿಲ್ಲ.

"ತಿಳೀತೇನು? ತಿಳದ್ರ ಸೈ ಮಾಡ್ರಿ. ತಿಳೀಲಿಲ್ಲಂದ್ರ ಇನ್ನೊಮ್ಮೆ ಓದ್ತೇನಿ."

ಬಸ್ಸಿಗೆ ಹೊತ್ತಾಗುತ್ತಿದ್ದವರು ಬೈಯುತ್ತಿದ್ದರು. ಇವರು ಇನ್ನೊಮ್ಮೆ ಓದುತ್ತಿದ್ದರು.

ಬೇರೆಯವರ ಕಾಗದಕ್ಕೆ ಸಾಕ್ಷಿ ಹಾಕುವಾಗ ಮಾತ್ರ ಓದುತ್ತಿರಲಿಲ್ಲ. ಖರೀದಿ ಪತ್ರ ಮಾಡಿಸಲು ಬಂದವರಿಗೆ ಒಬ್ಬ ಸಾಕ್ಷಿ ಕಡಿಮೆ ಬಿದ್ದರೆ ರಸ್ತೆಯಿಂದಲೇ "ಸಾಬ್ರ, ಒಂದು ಸೈ" ಎಂದು ಕೂಗುತ್ತಿದ್ದರು. ಇವರು ಎದ್ದು ಹೋಗಿ ಬೆರಳು ತೋರಿಸಿದಲ್ಲಿ ಸಹಿ ಮಾಡಿ, ಆಧಾರ್ ನಂಬರು ಹೇಳಿ, ಚಹಾ ಆರುವುದರೊಳಗೆ ವಾಪಸು ಬರುತ್ತಿದ್ದರು. ಸಾಕ್ಷಿಯವನ ಕೆಲಸ ಎದುರಿನವನು ಸಹಿ ಮಾಡಿದ್ದನ್ನು ನೋಡುವುದು, ಕಾಗದ ಓದುವುದಲ್ಲ ಎಂಬುದು ಅವರ ವಾದ. ಈ ವಾದ ಮುಂದೆ ನನ್ನಂಥವನ ಕೈಗೆ ಸಿಗುತ್ತದೆಂದು ಅವರಿಗೆ ಗೊತ್ತಿರಲಿಲ್ಲ.

ನಮ್ಮ ಗೆಳೆತನ ಸುರುವಾದದ್ದು ಒಂದು ಸುಳ್ಳಿನಿಂದ. ನಾನು ಹತ್ತಿಕುಣಿಯಲ್ಲಿ ಕನ್ನಡ ಮಾಸ್ತರನಾಗಿದ್ದೆ. ಶಹಾಪುರಕ್ಕೆ ವರ್ಗ ಬೇಕಿತ್ತು. ಕನ್ನಡ ಎಂ.ಎ. ಮಾಡಿದವನು ಅರ್ಜಿ ಬರೆಸಲು ಅವರ ಬೆಂಚಿನ ಮೇಲೆ ಹೋಗಿ ಕೂತೆ.

"ಕಾರಣ ಏನ್ ಬರೀಲಿ?" ಎಂದರು.

"ದಿನಾ ಬಸ್ಸಿನ್ಯಾಗ ಹೋಗಿ ಬರೂದು ಬ್ಯಾಸರಾಗ್ಯಾದ್ರಿ."

"ಬ್ಯಾಸರಕ್ಕ ಯಾರೂ ವರ್ಗ ಕೊಡಂಗಿಲ್ಲ ಮಾಸ್ತರ್ರ. ಮನ್ಯಾಗ ಯಾರಿಗರ ಜಡ್ಡು ಅದ ಏನು?"

"ಇಲ್ರಿ."

"ಅದ ಅಂತ ಬರೀತೇನಿ."

ಹಾಗೆ ನನ್ನ ಹೆಂಡತಿ ಲಾಲಮ್ಮನಿಗೆ ದೀರ್ಘಕಾಲದ ಮೊಣಕಾಲು ಬೇನೆ ಬಂತು, ನನಗೆ ವರ್ಗ ಬಂತು. ಲಾಲಮ್ಮ ಆಗ ದಿನಕ್ಕೆ ನಾಲ್ಕು ಸಲ ಮಾಳಿಗೆ ಹತ್ತಿ ಇಳಿಯುತ್ತಿದ್ದಳು. ವಿಷಯ ಗೊತ್ತಾದ ಮೇಲೆ ಎರಡು ತಿಂಗಳು ಸಾಬರಿಗೆ ಮುಖ ಕೊಟ್ಟು ಮಾತಾಡಲಿಲ್ಲ. ನಾನು ಮಾತ್ರ ಅಂದಿನಿಂದ ದಿನಾ ಸಂಜೆ ಆ ಬೆಂಚಿನ ಮೇಲೆ ಚಹಾ ಕುಡಿದೆ. ಇಪ್ಪತ್ತಾರು ವರ್ಷ.

ನಿವೃತ್ತನಾದ ಮಾಸ್ತರನಿಗೆ ತರಗತಿ ಇರುವುದಿಲ್ಲ, ಗಂಟಲು ಹಾಗೇ ಉಳಿದಿರುತ್ತದೆ. ಮೊದಲು ಗಿಡ ನೆಡುವ ಬಗ್ಗೆ ಮಾತಾಡಿದೆ, ಆಮೇಲೆ ಪ್ಲಾಸ್ಟಿಕ್ ಬಿಡುವ ಬಗ್ಗೆ. ಕೊನೆಗೆ ಅಂಗಾಂಗ ದಾನ ಸಿಕ್ಕಿತು. ಸತ್ತ ಮೇಲೂ ಎಂಟು ಜನರಲ್ಲಿ ಬದುಕಬಹುದು ಎಂದು ನಾನು ಹೇಳಿದಾಗ ಸಭೆಯಲ್ಲಿ ಪಿಸುಮಾತು ನಿಲ್ಲುತ್ತಿತ್ತು. ಆ ನಿಶ್ಶಬ್ದದ ರುಚಿ ನನಗೆ ಹತ್ತಿತು.

"ನಿಮ್ಮ ಭಾಷಣ ಕೇಳಿ ಕೇಳಿ ನನ್ನ ಕಿವಿ ಎಂದೋ ದಾನ ಆಗ್ಯಾವ" ಎಂದು ಲಾಲಮ್ಮ ಹೇಳಿದಳು. ಅದನ್ನೂ ಮುಂದಿನ ಭಾಷಣದಲ್ಲಿ ಸೇರಿಸಿಕೊಂಡೆ.

ಎರಡು ವರ್ಷದ ಹಿಂದೆ ನಮ್ಮ ನಿವೃತ್ತ ನೌಕರರ ಸಂಘದಿಂದ ಶಹಾಪುರದಲ್ಲಿ ಶಿಬಿರ ಮಾಡಿದೆವು. 'ನೂರಾ ಒಂದು ಜನರ ಪ್ರತಿಜ್ಞೆ' ಎಂದು ಮೊದಲೇ ಕರಪತ್ರ ಅಚ್ಚು ಹಾಕಿಸಿದ್ದೆ. ನೂರು ಎಂದಿದ್ದರೆ ನಡೆಯುತ್ತಿತ್ತು. ಶುಭಕಾರ್ಯಕ್ಕೆ ಒಂದು ಹೆಚ್ಚು ಇರಲಿ ಎಂದು ಸೇರಿಸಿದ್ದೆ. ಇಬ್ಬರು ಹೆಣ್ಣುಮಕ್ಕಳು ಕಂಪ್ಯೂಟರಿನಲ್ಲಿ ಆಧಾರ್ ನಂಬರು, ಓಟಿಪಿ ಹಾಕಿ ಹೆಸರು ನೋಂದಾಯಿಸುತ್ತಿದ್ದರು. ಅಷ್ಟು ಸಾಕಿತ್ತು. ಆದರೆ ಸಂಘದ ಕಡತಕ್ಕೆಂದು ನಾನು ಕಾಗದದ ಫಾರಂ ಒಂದನ್ನೂ ಮಾಡಿಸಿದ್ದೆ. ಅದಕ್ಕೆ ಸಾಕ್ಷಿಯ ಸಹಿ ಬೇಕು. ಸಾಕ್ಷಿ ಎಂದ ಮೇಲೆ ಸುಲ್ತಾನಸಾಬರು. ಬೆಳಿಗ್ಗೆಯಿಂದ ಒಂದು ಮೂಲೆಯಲ್ಲಿ ಕೂತು, ತೋರಿಸಿದಲ್ಲಿ ಸಹಿ ಮಾಡುತ್ತಲೇ ಇದ್ದರು.

ಮಧ್ಯಾಹ್ನ ಮೂರಕ್ಕೆ ಎಣಿಸಿದರೆ ನೂರು. ಜನ ಉಪ್ಪಿಟ್ಟು ತಿಂದು ಹೋಗಿಯಾಗಿತ್ತು. ಅತಿಥಿಯಾಗಿ ಸುರಪುರದಿಂದ ಬಂದಿದ್ದ ಡಾಕ್ಟರು ಗಡಿಯಾರ ನೋಡುತ್ತಿದ್ದರು. ನಾನು ಶಾಮಿಯಾನದ ತುಂಬ ಕಣ್ಣಾಡಿಸಿದೆ. ಮೂಲೆಯಲ್ಲಿ ಸಾಬರು ಕಂಡರು.

"ಸಾಬ್ರ, ಇಲ್ಲೊಂದು ಸೈ ಮಾಡ್ರಿ."

ಮಾಡಿದರು.

"ಆಧಾರ್ ನಂಬರ್ ಹೇಳ್ರಿ."

ಹೇಳಿದರು. ಖರೀದಿ ಪತ್ರಕ್ಕೆ ಸಾಕ್ಷಿಯವನೂ ಹೇಳುತ್ತಾನಲ್ಲ. ಮೊಬೈಲಿಗೆ ಬಂದ ಓಟಿಪಿಯನ್ನೂ ಓದಿ ಹೇಳಿದರು. ಅವರಿಗೆ ತಿಳಿದಿದೆಯೋ ಇಲ್ಲವೋ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ನೂರೇ ಉಳಿಯುತ್ತಿತ್ತು. ವೇದಿಕೆ ಹತ್ತಿ 'ನೂರಾ ಒಂದು' ಎಂದು ಘೋಷಿಸಿದೆ. ಸಾಬರೂ ಚಪ್ಪಾಳೆ ಹೊಡೆದರು.

ಮೂರು ವಾರದ ನಂತರ ಅವರ ದಾನಿ ಕಾರ್ಡನ್ನು ಲ್ಯಾಮಿನೇಟ್ ಮಾಡಿಸಿ, ನಾನೇ ಬೇವಿನ ಮರದ ಕೆಳಗೆ ಒಯ್ದು ಕೊಟ್ಟೆ. ಹಾರ ಒಯ್ಯಬೇಕಿತ್ತೇನೋ ಎಂದು ಅನಿಸಿತ್ತು. ಅವರು ಕನ್ನಡಕ ಹಾಕಿಕೊಂಡು ಹಿಂದೆ ಮುಂದೆ ಓದಿದರು.

"ಇದು ಯಾರದು?"

"ನಿಮ್ಮದಽರಿ."

"ನಾ ಸಾಕ್ಷಿ ಇದ್ದೆನಲ್ಲ?"

"ಒಂದು ಕಡಿಮಿ ಬಿದ್ದಿತ್ತರಿ" ಎಂದೆ. ಮಾತೇ ಕಸುಬಾದವನು ಒಂದೇ ಮಾತಿಗೆ ನಿಲ್ಲಿಸಿದರೆ ಎದುರಿನವರಿಗೆ ಎಲ್ಲ ತಿಳಿಯುತ್ತದೆ. ಅವರು ಬೈಯಲಿಲ್ಲ. ಕಾರ್ಡನ್ನು ಮೇಜಿನ ಮೇಲೆ ಬೋರಲು ಇಟ್ಟರು. "ನಲವತ್ತು ವರ್ಷ ಮಂದಿಗೆ ಓದಿ ಸೈ ಮಾಡ್ರಿ ಅಂತ ಹೇಳೀನಿ" ಎಂದು ಅಷ್ಟೇ ಹೇಳಿದರು. ನಾಲ್ಕು ದಿನ ಚಹಾ ತರಿಸಲಿಲ್ಲ.

ಐದನೆಯ ದಿನ ಕರೆದು ಒಂದು ಅರ್ಜಿ ಕೈಗಿಟ್ಟರು. ಎರಡು ಪ್ರತಿ. 'ವಿಷಯ: ನಾನು ಓದದೆ ಮಾಡಿದ ಸಹಿಯನ್ನು ಹಿಂಪಡೆಯುವ ಕುರಿತು.' ಕೆಳಗೆ ಮೂರೇ ಸಾಲು. ನನ್ನೊಳಗಿನ ಮಾಸ್ತರ ಎದ್ದು ಕೂತ.

"ಕಾರಣ ಬರದಿಲ್ಲಲ್ರಿ?"

"ಬರಿಯಾಂಗಿಲ್ಲ."

"ಮನ್ಯಾಗ ಭಾಬಿಗೆ ಮನಸ್ಸಿಲ್ಲೇನು?"

"ಆಕಿನ್ನ ಕೇಳೇ ಇಲ್ಲ."

"ಹಂಗಾದ್ರ ಧರ್ಮದ್ದೇನರ..."

"ನನ್ನ ಮಗಳು ಫರ್ಹತ ನರ್ಸ್ ಅದಾಳ. ತಾನಾಗೇ ಹೆಸರು ಬರಸ್ಯಾಳ. ಆಕಿಗೆ ನಾ ಬ್ಯಾಡ ಅಂದೇನೇನು?"

"ಮತ್ಯಾಕ್ರಿ? ಅಂಜಿಕಿ ಏನು?"

ಅವರು ಪೆನ್ನಿನ ಮುಚ್ಚಳ ಹಾಕಿದರು. "ಮಾಸ್ತರ್ರ, ನಲವತ್ತು ವರ್ಷ ಮಂದಿ ಪರವಾಗಿ ಕಾರಣ ಬರದೀನಿ. 'ನಾನು ಬಡವನಿದ್ದು', 'ನನಗೆ ದಿಕ್ಕಿಲ್ಲದ ಕಾರಣ'. ನಿಮ್ಮ ಹೆಂಡತಿ ಮೊಣಕಾಲೂ ಬಿಟ್ಟಿಲ್ಲ. ಕಾರಣ ಇಲ್ಲದಽ ಒಂದು ಮಾತು ನಂದೂ ಇರಲಿ. ಕೊಡೂದಾದ್ರ ನಾ ಕೊಡಬೇಕು. ನನ್ನ ಕೈ ಹಿಡದು ನೀವು ಕೊಡಸೂದಲ್ಲ."

ಅದು ನ್ಯಾಯದ ಮಾತು. ಆದರೂ ನಾನು ಅರ್ಧ ತಾಸು ವಾದ ಮಾಡಿದೆ. ಅವರು ಕೇಳಿ, "ಆತಿಲ್ಲ? ನಡೀರಿ. ನೀವಽ ಬರೀಸೀರಿ, ನೀವಽ ತಗಸ್ರಿ" ಎಂದರು.

ಫೋನಿನಲ್ಲಿ ಆಗುವ ಕೆಲಸವೆಂದು ನನಗೂ ತಿಳಿದಿರಲಿಲ್ಲ. ದಾನ ಬರೆಸುವುದನ್ನು ಕಲಿತಿದ್ದೆ, ವಾಪಸು ಪಡೆಯುವ ಪುಟವನ್ನು ತೆರೆದೂ ನೋಡಿರಲಿಲ್ಲ. ತಿಳಿದಿದ್ದರೂ ಸಾಬರು ಒಪ್ಪುತ್ತಿರಲಿಲ್ಲ. ಕಚೇರಿಯ ಮುದ್ರೆಯ ಠಸೆ ಬೀಳದ ಕಾಗದ ಅವರ ಲೆಕ್ಕಕ್ಕೆ ಕಾಗದವೇ ಅಲ್ಲ. ಅರ್ಜಿ ಎಂದರೆ ಕಚೇರಿಗೆ ಹೋಗಬೇಕು, ಟಪಾಲಿನಲ್ಲಿ ಕೊಡಬೇಕು, ಎರಡನೇ ಪ್ರತಿಯ ಮೇಲೆ ಠಸೆ ಹಾಕಿಸಿಕೊಂಡು ಬರಬೇಕು. ಮೊದಲು ಶಹಾಪುರದ ಒಂದು ಕಚೇರಿಯಲ್ಲಿ ಕೊಟ್ಟೆವು. ಎಂಟು ದಿನಕ್ಕೆ ಹಿಂಬರಹ ಬಂತು: 'ಸದರಿ ಅಂಗಾಂಗಗಳು ಈ ಕಚೇರಿಯ ವ್ಯಾಪ್ತಿಗೆ ಒಳಪಡುವುದಿಲ್ಲ.' ಸಾಬರು ಅದನ್ನು ಮೂರು ಸಲ ಓದಿ, ಭಾಷೆ ಚಲೋ ಇದೆ ಎಂದು ಮೆಚ್ಚಿದರು.

ಶಿಬಿರಕ್ಕೆ ಡಾಕ್ಟರು ಸುರಪುರದಿಂದ ಬಂದಿದ್ದರಲ್ಲ, ಅಲ್ಲಿಗೆ ಹೋದೆವು. ಡಾಕ್ಟರು ರಜೆಯಲ್ಲಿದ್ದರು. ದವಾಖಾನೆಯ ಗುಮಾಸ್ತ ಅರ್ಜಿ ಓದಿ, ಸಾಬರನ್ನು ಮೇಲಿಂದ ಕೆಳಗೆ ನೋಡಿದ.

"ನೀವು ಇನ್ನೂ ಚಲೋ ಅದೀರಲ್ರಿ?"

"ಚಲೋ ಅದೀನಿ."

"ಮತ್ಯಾಕ ಗಡಿಬಿಡಿ? ನಾವೇನು ಈಗಽ ತಗೋತೀವೇನು?"

"ನೀವು ತಗೊಳ್ಳೂ ಹೊತ್ತಿನ್ಯಾಗ ನನಗ ಅರ್ಜಿ ಬರಿಯಾಕ ಆಗಂಗಿಲ್ಲಪಾ."

ಗುಮಾಸ್ತ ನಕ್ಕ. ಠಸೆ ಮಾತ್ರ ಹಾಕಲಿಲ್ಲ. ಇಂಥದ್ದಕ್ಕೆ ತನ್ನ ಹತ್ತಿರ ರಜಿಸ್ಟರೇ ಇಲ್ಲ, ಯಾದಗಿರಿಗೆ ಹೋಗಿ ಕೇಳಿ ಎಂದ. ಬಸ್‌ಸ್ಟ್ಯಾಂಡಿನಲ್ಲಿ ಪರಿಚಯದ ಒಬ್ಬರು ಎದುರಾಗಿ, "ಏನ್ರೀ ಮಾಸ್ತರ್, ದಾನ ಬರಸಾಕ ಬಂದೀರೇನು?" ಎಂದರು. ಹೌದು ಎಂದೆ. ಸಾಬರು ನನ್ನ ಮುಖ ನೋಡಿ ಬೇರೆ ಕಡೆ ತಿರುಗಿದರು.

ಯಾದಗಿರಿಗೆ ಹೋಗುವ ದಿನ ಫರ್ಹತ ಜೊತೆಗಿದ್ದಳು. ಆಕೆ ದಿನಾ ಶಹಾಪುರದಿಂದ ಬಸ್ಸಿನಲ್ಲಿ ಅಲ್ಲಿನ ಒಂದು ದವಾಖಾನೆಗೆ ಕೆಲಸಕ್ಕೆ ಹೋಗುತ್ತಾಳೆ. "ಅಬ್ಬಾ, ನನಗ ಮೊದಲಽ ಹೇಳಬಾರದೇನು? ನೀವು ಇಬ್ಬರೂ ಕೂಡಿ ಎಲ್ಲಿ ಬೇಕಲ್ಲಿ ತಿರಗ್ಯಾಡೀರಿ" ಎಂದು ದಾರಿಯುದ್ದಕ್ಕೂ ಬೈದಳು. ದವಾಖಾನೆಯ ಮಾಹಿತಿ ಕೌಂಟರಿನಲ್ಲಿದ್ದ ನಂದಿನಿ ಎಂಬ ಹುಡುಗಿಯ ಮುಂದೆ ನಮ್ಮನ್ನು ಕೂರಿಸಿ ಡ್ಯೂಟಿಗೆ ಹೋದಳು.

ನಂದಿನಿ ಸಾಬರ ಫೋನು ತೆಗೆದುಕೊಂಡು ಏನೇನೋ ಒತ್ತಿ, "ಇಲ್ಲಿ ವಾಪಸ್ ತಗೊಳ್ಳೂದು ಅಂತ ಅದರಿ. ಒತ್ತಲೇನು?" ಎಂದಳು.

"ತಡಿ ತಂಗಿ. ಮೊದಲು ಓದು."

ಓದಿದಳು.

"ಇನ್ನೊಮ್ಮೆ ಓದು."

ಓದಿದಳು. ಹಿಂದೆ ಸಾಲು ಬೆಳೆಯುತ್ತಿತ್ತು.

"ಕಾರಣ ಹೇಳಬೇಕೇನು?"

"ಯಾಕ ಹೇಳಬೇಕ್ರಿ? ನಿಮ್ಮ ಮೈ, ನಿಮ್ಮ ಮನಸ್ಸು. ಯಾವಾಗ ಬೇಕಾದ್ರೂ ವಾಪಸ್ ತಗೋಬಹುದು."

ಸಾಬರು ನಿಧಾನಕ್ಕೆ ನನ್ನ ಕಡೆ ತಿರುಗಿದರು. ನಾನು ಗೋಡೆಯ ಮೇಲಿದ್ದ ಲಸಿಕೆಯ ಪೋಸ್ಟರನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದೆ. ಗುಂಡಿಯನ್ನು ಅವರೇ ಒತ್ತಿದರು. ಎರಡು ನಿಮಿಷದ ಕೆಲಸ. ಇದಕ್ಕೆ ನಾವು ಒಂದು ತಿಂಗಳು ತಿರುಗಿದ್ದೆವು. ಆದರೂ ಅವರು ಕದಲಲಿಲ್ಲ.

"ಠಸೆ?"

ಆ ಹುಡುಗಿ ಒಳ್ಳೆಯವಳು. ಅರ್ಜಿಯ ಎರಡನೇ ಪ್ರತಿಯ ಮೇಲೆ 'ಸ್ವೀಕರಿಸಲಾಗಿದೆ' ಎಂಬ ಠಸೆ ಒತ್ತಿ, ತಾರೀಖು ಬರೆದು ಕೊಟ್ಟಳು. ಕೊಟ್ಟು ಒಂದು ಮಾತು ಹೇಳಿದಳು: "ಆದ್ರ ಸಾಬ್ರ, ಇದನ್ನ ಪೆಟ್ಟಿಗ್ಯಾಗ ಇಟ್ಟು ಸುಮ್ಮನಿರಬ್ಯಾಡ್ರಿ. ಆ ಹೊತ್ತಿನ್ಯಾಗ ಡಾಕ್ಟರ್ ಮಂದಿ ಮನಿಯವರನ್ನಽ ಕೇಳ್ತಾರ. ಕೊಡ್ತೀರೋ ಇಲ್ಲೋ, ಮನ್ಯಾಗ ಬಾಯಿಲೆ ಹೇಳಿಡ್ರಿ."

"ಬಾಯಿಮಾತಿಗೆ ಏನು ಕಿಮ್ಮತ್ತು?"

"ಅಲ್ಲಿ ಅದಽ ನಡೀತದರಿ."

ಸಾಬರಿಗೆ ಈ ಮಾತು ಹಿಡಿಸಲಿಲ್ಲ. ಬಾಯಿಮಾತು ನಂಬಿ ಹೊಲ ಕಳೆದುಕೊಂಡವರ ಅರ್ಜಿಗಳನ್ನೇ ಅವರು ಜೀವಮಾನವಿಡೀ ಬರೆದದ್ದು. ಅಷ್ಟರಲ್ಲಿ ನಂದಿನಿ ನನ್ನ ಕಡೆ ನೋಡಿ, "ಶಿಬಿರ ಮಾಡಿದ ಸರ್ ನೀವಽ ಅಲ್ಲ? ನಿಮ್ಮ ಕಾರ್ಡ್ ಒಂದು ಪ್ರಿಂಟ್ ತಗದು ಕೊಡ್ಲೇನು?" ಎಂದಳು. ನಂಬರು ಹೇಳಿದೆ. ಹುಡುಕಿದಳು. ಮತ್ತೆ ಹುಡುಕಿದಳು. ನನ್ನ ಹೆಸರಿರಲಿಲ್ಲ.

ಇರುವುದು ಹೇಗೆ? ನಾನು ಬರೆಸಿಯೇ ಇರಲಿಲ್ಲ. ಇದು ನನಗೆ ಆ ಕೌಂಟರಿನ ಮುಂದೆ ಮೊದಲ ಸಲ ಹೊಳೆಯಿತು ಎಂದರೆ ಯಾರೂ ನಂಬಲಿಕ್ಕಿಲ್ಲ. ಎಲ್ಲ ಸಭೆಗಳಲ್ಲೂ ನಾನು ವೇದಿಕೆಯ ಮೇಲಿದ್ದೆ, ಫಾರಂ ಕೆಳಗಿತ್ತು.

ವಾಪಸು ಬರುವ ಬಸ್ಸಿನಲ್ಲಿ ಸಾಬರು ಭೀಮಾ ಸೇತುವೆ ದಾಟುವವರೆಗೆ ತಡೆದರು.

"ಮಾಸ್ತರ್ರ."

"ಹೂಂ."

"ಅವತ್ತು ಒಂದು ಕಡಿಮಿ ಇತ್ತಲ್ಲ, ಅದು ನೀವಽ ಆಗಬಹುದಿತ್ತು."

ದೋರನಹಳ್ಳಿ ಹತ್ತಿರ ನಾನು ಆಡಿದ ಮಾತು ಇದು: "ಈಗ ಹೆಂಗೂ ವಾಪಸ್ ತಗೊಂಡಾಯ್ತು. ಓದಿ, ತಿಳದು, ನಿಮ್ಮ ಮನಸ್ಸಿನಿಂದಽ ಹೊಸದಾಗಿ ಬರಸ್ರಲ್ಲ?" ಅವರು ಬಸ್ಸಿನ ತುಂಬ ಕೇಳುವಂತೆ ನಕ್ಕರು. "ಸಾಲಿ ಬಿಟ್ಟು ಆರು ವರ್ಷ ಆತು, ನಿಮ್ಮ ಗಂಟಿ ಇನ್ನೂ ಬಾರಿಸಾಕತ್ತದ" ಎಂದರು. ಇಳಿದ ಮೇಲೆ ಚಹಾ ಕುಡಿಸಿದರು. ನಮ್ಮ ನಡುವೆ ಅಷ್ಟಕ್ಕೆ ಮುಗಿಯಿತು. ನಾನು ಭಾಷಣ ಬಿಟ್ಟೆ ಎಂದು ಬರೆದರೆ ಚೆನ್ನಾಗಿರುತ್ತದೆ. ಕಡಿಮೆ ಮಾಡಿದೆ, ಅಷ್ಟೇ. ನನ್ನ ಫಾರಂ ನಾಲ್ಕು ಸಲ ಓದಿದ್ದೇನೆ. ಇನ್ನೂ ಸಹಿ ಮಾಡಿಲ್ಲ. ಕಾರಣ ಕೇಳಿದರೆ ನನ್ನ ಹತ್ತಿರವೂ ಇಲ್ಲ.

ಆ ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಫರ್ಹತಳ ಫೋನು ಬಂತು. "ಕಾಕಾ, ಅಬ್ಬಾ ಹೋದ್ರು." ಆಮೇಲೆ ನಾನು ಮಾಡಿದ್ದನ್ನು ಬಿಡದೆ ಹೇಳುತ್ತೇನೆ. ಮೊದಲು ಗಡಿಯಾರ ನೋಡಿದೆ. ಕಣ್ಣು ಆರು ತಾಸಿನೊಳಗೆ ತೆಗೆಯಬೇಕು ಎಂದು ನೂರಾರು ಸಲ ಹೇಳಿದ ಬಾಯಿ ನನ್ನದು. ನೇತ್ರಬ್ಯಾಂಕಿನ ನಂಬರು ಬರೆದ ಚೀಟಿಯನ್ನು ಕಿಸೆಗೆ ಹಾಕಿಕೊಂಡೆ. ಇಪ್ಪತ್ತಾರು ವರ್ಷದ ಗೆಳೆಯ ಹೋಗಿದ್ದ. ನಾನು ಅವನ ಪರವಾಗಿ ಇನ್ನೊಂದು ಸಹಿ ಮಾಡಲು ಹೊರಟಿದ್ದೆ. ದಾರಿಯಲ್ಲಿ ಅತ್ತೆ, ಅದೂ ನಿಜ. ಅಳುತ್ತಲೇ ಸಾಬರ ಹೆಂಡತಿ ಜೈತುನಬೀ ಭಾಬಿಗೆ ಹೇಳಬೇಕಾದ ಮಾತನ್ನು ಜೋಡಿಸುತ್ತಿದ್ದೆ. ಅವರು ವಾಪಸು ಪಡೆದದ್ದು ಸಿಟ್ಟಿನಿಂದ, ಒಳಗೆ ಮನಸ್ಸಿತ್ತು, ಈಗ ನೀವು ಹೂಂ ಅಂದರೆ ಸಾಕು, ಎಂದು.

ಬಾಗಿಲಲ್ಲಿ ಫರ್ಹತ ತಡೆದಳು. ಕಣ್ಣು ಕೆಂಪಾಗಿದ್ದವು.

"ಕಾಕಾ, ನೀವು ಏನ್ ಕೇಳಾಕ ಬಂದೀರಿ ನನಗ ಗೊತ್ತದ. ನನ್ನ ಕೇಳಿದ್ರ ಕೊಡೂನು ಅಂತಽ ಹೇಳ್ತೇನಿ. ಆದ್ರ ಅದು ನಾ ಹೇಳೂದಲ್ಲ, ನೀವೂ ಹೇಳೂದಲ್ಲ. ಒಳಗ ಹೋಗಿ ಅಮ್ಮೀ ಏನಂತಾರ ಕೇಳ್ರಿ."

ಒಳಗೆ ಭಾಬಿ ಗೋಡೆಗೆ ಒರಗಿ ಕೂತಿದ್ದರು. ನಾನು ಜೋಡಿಸಿಕೊಂಡು ಬಂದ ಮಾತು ಸುರುಮಾಡುವ ಮೊದಲೇ ಅವರು ತಲೆಯೆತ್ತಿದರು.

"ಮಾಸ್ತರ್ರ, ಅವರು ನನಗ ಹೇಳ್ಯಾರ್ರಿ. ಕೊಡಬ್ಯಾಡ ಅಂತ."

"ಯಾವಾಗ ಹೇಳಿದ್ರು ಭಾಬಿ?"

"ಇವತ್ತಽ. ಮುಂಜಾನೆ."

ಕಿಸೆಗೆ ಹೋಗಿದ್ದ ನನ್ನ ಕೈ ಅಲ್ಲೇ ನಿಂತಿತು. ಅವರ ಮನೆಮಾತು ಉರ್ದು. ನನಗಾಗಿ ಕನ್ನಡದಲ್ಲಿ, ತಡೆದು ತಡೆದು ಹೇಳಿದರು.

ನಮಾಜು ಮುಗಿಸಿ, ಚಹಾ ಕುಡಿದು ಸಾಬರು ಕುರ್ಚಿಯ ಮೇಲೆ ಕೂತಿದ್ದರಂತೆ. ಭಾಬಿ ಒಲೆಯ ಮುಂದಿದ್ದರು. ಕರೆದರಂತೆ. ಅಲ್ಲಿಂದಲೇ ಹೇಳಿ ಎಂದರೆ, ಇಲ್ಲ, ಎದುರಿಗೆ ಬಾ ಎಂದರಂತೆ.

"'ಆ ಯಾದಗಿರಿ ಹುಡುಗಿ ಮನ್ಯಾಗ ಹೇಳಿಡ್ರಿ ಅಂದಿದ್ಲು. ಎರಡು ವರ್ಷ ಆತು. ಬಾಯಿಲೆ ಹೇಳೂದು ನನಗ ರೂಢಿ ಇಲ್ಲ, ಇವತ್ತು ಹೇಳ್ತೇನಿ ಕೇಳು' ಅಂದ್ರು. 'ನನ್ನ ಮೈಯಾಗಿಂದು ಏನೂ ಕೊಡಬ್ಯಾಡ. ಮಾಸ್ತರ್ ಬರ್ತಾರ. ಅಳ್ತಾರ, ಆಮ್ಯಾಲೆ ಭಾಷಣ ಮಾಡ್ತಾರ. ಚಾ ಕೊಡು. ಕಣ್ಣು ಕೊಡಬ್ಯಾಡ' ಅಂದ್ರು." ಭಾಬಿ ಸೆರಗು ಬಾಯಿಗೆ ಒತ್ತಿಕೊಂಡರು. ನಕ್ಕರೋ ಅತ್ತರೋ ನನಗೆ ತಿಳಿಯಲಿಲ್ಲ. "ಯಾಕ್ರಿ ಅಂತ ಕೇಳ್ದೆ. 'ಹಂಗಽ' ಅಂದ್ರು."

"ಅಷ್ಟಽನಾ ಭಾಬಿ?"

"ಇಲ್ರಿ. ಆಮ್ಯಾಲೆ ನನ್ನ ಕೇಳಿದ್ರು. 'ನಂದು ಹೇಳ್ದೆ. ನಿಂದೇನು? ನಿನಗ ಕೊಡೂ ಮನಸ್ಸದನೋ ಇಲ್ಲೋ?' ಅಂತ. ನಲವತ್ತು ವರ್ಷ ಆತು ನಮ್ಮ ಲಗ್ನಾಗಿ, ನನಗ ಏನ್ ಬೇಕು ಅಂತ ಹಿಂಗ ಕುಂದರಿಸಿ ಕೇಳಿದ್ದಿಲ್ಲ. ಥಟ್ಟನ ಏನ್ ಹೇಳ್ಲಿ? ಒಲಿ ಮ್ಯಾಲೆ ಹಾಲು ಉಕ್ಕಾಕತ್ತಿತ್ತು. ತಡೀರಿ, ಇಳಿಸಿ ಬಂದು ಹೇಳ್ತೇನಿ ಅಂದೆ. 'ಗಡಿಬಿಡಿ ಇಲ್ಲ, ಯೋಚನಿ ಮಾಡು. ನಾ ಕುಂತೇನಿ' ಅಂದ್ರು."

ಹಾಲು ಇಳಿಸಿ ಬಂದಾಗ ಅವರು ಕೂತಲ್ಲೇ ತೀರಿಕೊಂಡಿದ್ದರು. ಹೆಂಡತಿ ಬಂದು ಎದುರಿಗೆ ಕೂತು ಹೇಳಲೆಂದು ಇನ್ನೊಂದು ಕುರ್ಚಿಯನ್ನು ಹತ್ತಿರಕ್ಕೆ ಎಳೆದು, ತಮ್ಮ ಕಡೆಗೆ ತಿರುಗಿಸಿ ಇಟ್ಟಿದ್ದರು.